ಎರಡನೆಯ ಕಲ್ಲು

ಕೃಷ್ಣರಾಜಪುರ, ಬೆಂಗಳೂರು
14 ಜೂನ್ 2025, ಶನಿವಾರ

ತಂಗಿ ಮಾರಕ್ಕನಿಗೆ, ನಿನ್ನ ಅಣ್ಣ ಬರೆಯುವುದು.

ಮಂಡಿನೋವು ಹೇಗಿದೆ? ಮಾಲೂರಿನ ಡಾಕ್ಟರು ಕೊಟ್ಟ ಮಾತ್ರೆ ನುಂಗುತ್ತಿದ್ದೀಯೋ, ಸೆರಗಿಗೆ ಗಂಟು ಹಾಕಿಕೊಂಡು ಮರೆಯುತ್ತಿದ್ದೀಯೋ? ನಾನು ಚೆನ್ನಾಗಿದ್ದೇನೆ. ಬಿ.ಪಿ. ಇದೆ, ಅದು ನೀನು ಹೋದ ಮೇಲೆ ಬಂದದ್ದಲ್ಲ, ಹೆಮ್ಮೆಪಡಬೇಡ. ಫೋನು ಮಾಡಿದರೆ ಕಟ್ ಮಾಡುತ್ತೀಯ, ಅದಕ್ಕೇ ಕಾಗದ. ಬೇಕಾದರೆ ಹರಿದು ಹಾಕು, ಆದರೆ ಕೇಳಿದ ಮೇಲೆ ಹರಿ. ಯಮುನಾ, ನಿಮ್ಮಮ್ಮನಿಗೆ ಓದಿ ಹೇಳುವಾಗ ಬೈಗುಳ ಬಿಟ್ಟು ಓದಬೇಡ ಮಗಳೇ. ಮಾವ ಬರೆದದ್ದನ್ನು ಬರೆದ ಹಾಗೇ ಓದು.

ಎರಡು ತಿಂಗಳ ಹಿಂದೆ ನನ್ನ ಬಾಗಿಲಲ್ಲಿ ನಿಂತು, ಬೀದಿಗೆಲ್ಲ ಕೇಳುವ ಹಾಗೆ, "ನೀನು ಅಣ್ಣ ಅಲ್ಲ, ಕೆರೆ ಕಾಯೋ ನಾಯಿ" ಅಂದು ಮಗಳ ಮನೆಗೆ ಹೊರಟುಹೋದೆ. ನಿನ್ನ ಸಂಕಟ ನನಗೆ ಗೊತ್ತಿಲ್ಲವೆಂದಲ್ಲ. ಇಪ್ಪತ್ತೆರಡು ವರ್ಷ ಲಿಂಗರಾಜಪುರದ ಶೀಟಿನ ಮನೆಯಲ್ಲಿ ಬೆಂದು, ಕುಕ್ ಟೌನಿನ ಬೀದಿಬೀದಿಗೆ ಸೊಪ್ಪಿನ ಬುಟ್ಟಿ ಹೊತ್ತು, ಹನ್ನೊಂದು ವರ್ಷ ಕಾದ ಮೇಲೆ ಸರ್ಕಾರದ ಮನೆಗೆ ನಿನ್ನ ಹೆಸರು ಬಂದಿತ್ತು. ನಮ್ಮ ಕೆರೆಯ ಪಕ್ಕದ ನಾಲ್ಕು ಎಕರೆಯಲ್ಲಿ ನೂರ ಇಪ್ಪತ್ತು ಮನೆ, ನಿನ್ನದು ನಲವತ್ಮೂರನೇ ನಂಬರು. ಗೋಡೆ ಏಳುವ ಮುಂಚೆಯೇ ಒಲೆ ಯಾವ ಮೂಲೆಗೆ ಅಂತ ಕಾಲಲ್ಲಿ ಗೀಚಿ ತೋರಿಸಿದ್ದೆ. ಅದೆಲ್ಲ ನನ್ನ ಬೆರಳಿನಿಂದ ಹೋಯಿತು ಅನ್ನುತ್ತೀಯ. ಅನ್ನು.

ಆದರೆ ಒಂದು ಕೇಳು. ನಮ್ಮಪ್ಪ ಈ ಊರಿನ ನೀರುಗಂಟಿ, ತೂಬು ಎತ್ತಿ ಗದ್ದೆಗದ್ದೆಗೆ ನೀರು ಬಿಡುತ್ತಿದ್ದವನು. ಕೆರೆ ಎಲ್ಲಿಯವರೆಗೆ ಅಂತ ಪಟೇಲರು ಕೇಳಿದರೂ ಅದೇ ಜಾಗ ತೋರಿಸುತ್ತಿದ್ದ, ಕೂಲಿಯವನು ಕೇಳಿದರೂ ಅದೇ ಜಾಗ. ನೀರುಗಂಟಿ ಸುಳ್ಳು ತೋರಿಸಿದನೆಂದರೆ ಸುಗ್ಗಿಯಲ್ಲಿ ಅವನ ಪಾಲಿನ ಕಾಳು ಯಾರೂ ಅಳೆಯುತ್ತಿರಲಿಲ್ಲ. ನಾನು ನಾಲ್ಕನೇ ಕ್ಲಾಸಿಗೆ ಸ್ಲೇಟು ಬಿಸಾಡಿ ಅವನ ಹಿಂದೆ ಏರಿಯ ಮೇಲೆ ಓಡಾಡಿದವನು, ಕಲಿತದ್ದು ಅದೊಂದೇ. ಮಾರ್ಚಿಯಲ್ಲಿ ಸರ್ವೆಯವರು ಬಂದು, ತುಂಬಿದ ನೀರು ಎಲ್ಲಿಗೆ ಮುಟ್ಟುತ್ತಿತ್ತು ಅಂದರು. ಹೊಂಗೆ ಮರದ ಬುಡದಲ್ಲಿ ಅಪ್ಪ ಕಾಯುತ್ತಿದ್ದ ಎಲ್ಲೆ ಕಲ್ಲು ತೋರಿಸಿದೆ. ಅಲ್ಲಿಂದ ಗೆರೆ ಸುತ್ತಿಸಿದರು, ನಾಲ್ಕು ಎಕರೆಯೂ ಕೆರೆಯ ಹೊಟ್ಟೆಗೆ ಹೋಯಿತು. ಮನೆಗಳಿಗೆ ತಡೆ ಬಿತ್ತು. ಸುಳ್ಳು ಹೇಳಬೇಕಿತ್ತೇನೇ? ಕಲ್ಲಿನ ಕೆಳಗಿನ ಆ ತಗ್ಗಿನಲ್ಲಿ ಮನೆ ಕಟ್ಟಿದ್ದರೆ ಮೊದಲ ಜೋರು ಮಳೆಗೆ ನಿನ್ನ ಒಲೆಯ ಮೇಲೆ ಕಪ್ಪೆ ಕೂರುತ್ತಿತ್ತು. ಆಗಲೂ ನನ್ನನ್ನೇ ಬೈಯುತ್ತಿದ್ದೆ.

ಈಗ ನಾನು ಕೆರೆ ಎದುರಿನ ಅಪಾರ್ಟ್‌ಮೆಂಟಿನವರಿಗೆ ದೊಡ್ಡ ಮನುಷ್ಯ. ಕೆರೆ ಉಳಿಸಿ ಅಂತ ಹಸಿರು ಟೀ ಶರ್ಟು ಹಾಕಿಕೊಂಡು ಅರ್ಜಿ ಕೊಟ್ಟು ಸರ್ವೆ ತರಿಸಿದವರು ಅವರೇ. ತೇಜಶ್ರೀ ಅಂತ ಒಂದು ಹುಡುಗಿ ಎಳನೀರು ತಂದುಕೊಟ್ಟು, "ತಾತಾ, ನೀವೇ ಈ ಕೆರೆಗೆ ಗೂಗಲ್ಲು" ಅಂದಳು. ಕೆಟ್ಟ ಹುಡುಗಿಯಲ್ಲ, ಕೊಕ್ಕರೆ ನೋಡಿದರೆ ಕುಣಿಯುತ್ತಾಳೆ. ಕೊಕ್ಕರೆಗೆ ಜಾಗ ಆಯಿತಲ್ಲ, ಮಾರಕ್ಕನಿಗೆ ಎಲ್ಲಿದೆಯಮ್ಮಾ ಅಂದೆ. ಹೊಸಕೋಟೆ ಆಚೆ ಎಲ್ಲೋ ಕೊಡುತ್ತಾರಂತೆ ತಾತಾ ಅಂದಳು. ಹೊಸಕೋಟೆ ಆಚೆಯಿಂದ ಬೆಳಗಿನ ಆರಕ್ಕೆ ಕುಕ್ ಟೌನಿಗೆ ಸೊಪ್ಪು ಹೊತ್ತು ತರುವವಳು ಯಾರು, ಅವರಮ್ಮನಾ? ಇವರ ಮನೆಗೆ ಕೆರೆ ಕಾಣುವ ಕಿಟಕಿ ಇದ್ದರೆ ಬೆಲೆ ಜಾಸ್ತಿ. ಆ ಕಿಟಕಿಗೆ ನಿಮ್ಮ ಅಡುಗೆ ಹೊಗೆ, ಒಗೆದ ಸೀರೆ ಕಾಣಬಾರದು, ಅಷ್ಟೇ ವಿಷಯ. ಸರ್ಕಾರವೋ, ಒಣನೆಲವನ್ನೆಲ್ಲ ಉಳ್ಳವರಿಗೆ ಹಂಚಿ ಮುಗಿಸಿ, ಬಡವರಿಗೆ ಕೊಡಲು ಕೆರೆ ದಡಕ್ಕೆ ಬಂತು. ಇಬ್ಬರ ನಡುವೆ ನಾನು ಸತ್ಯ ಹೇಳಿದೆ. ಸತ್ಯ ಅವರಿಗೆ ಉಪಯೋಗವಾಯಿತು.

ನಿನ್ನ ನಂತರದ ನಂಬರಿನ ಬದ್ರುನ್ನೀಸಾ, ನಮ್ಮ ಹಿಂದಿನ ಬೀದಿಯವಳು, ನನ್ನನ್ನು ಬೈಯಲಿಲ್ಲ. "ಕ್ಯಾ ಭಾಯ್, ನೀರಿಗೆ ಮನೆ ಸಿಕ್ತು, ನಮ್ಗೆ ಇಲ್ಲ" ಅಂದಳು, ಅಷ್ಟೇ. ಮೂವತ್ತು ವರ್ಷದಲ್ಲಿ ಮೊದಲ ಸಲ, ಈ ಬಕ್ರೀದಿಗೆ ಅವಳ ಮನೆಯಿಂದ ಬಿರಿಯಾನಿ ಡಬ್ಬ ಬರಲಿಲ್ಲ. ನಿನ್ನ ಕೂಗಾಟ ತಡೆದುಕೊಂಡೆ ಮಾರಕ್ಕ, ಆ ಡಬ್ಬ ಬಾರದ್ದನ್ನು ತಡೆದುಕೊಳ್ಳಲಾಗಲಿಲ್ಲ.

ನಿನಗೂ ಯಮುನಾಳಿಗೂ ನನ್ನ ಆಶೀರ್ವಾದ. ಬೇಡವೆಂದರೂ ಇದೆ.

ನಿನ್ನ ಅಣ್ಣ,
ಮುನಿಆಂಜನಪ್ಪ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬಾರದೆ ಬಿಟ್ಟದ್ದು. ಕಲ್ಲು ಎರಡಿದ್ದವು, ನಿನಗೂ ಗೊತ್ತು. ನೀನು ಕುಡುಗೋಲು ಮಸೆಯುತ್ತಿದ್ದ ಆ ಇನ್ನೊಂದು ಕಲ್ಲು ಈಗ ಅಪಾರ್ಟ್‌ಮೆಂಟಿನ ಕಾಂಪೌಂಡಿನೊಳಗಿದೆ. ಕೀಳಲಾಗದೆ ಅಲ್ಲೇ ಬಿಟ್ಟು, ಬಿಳಿ ಬಣ್ಣ ಬಳಿದು, ಅವರ ಹೆಸರು ಬರೆಸಿಕೊಂಡಿದ್ದಾರೆ. ಅದನ್ನೂ ತೋರಿಸೋಣವೆಂದು ಸರ್ವೆಯ ದಿನ ನಾನೊಬ್ಬನೇ ಮುಂದೆ ಹೋದೆ. ವಾಚ್‌ಮನ್ನು ಪುಸ್ತಕದಲ್ಲಿ ಹೆಸರು ಬರಿ, ಕೆಲಸದವರ ಗೇಟಿಂದ ಬಾ ಅಂದ. ನನ್ನ ಸಿಟ್ಟು ಗೊತ್ತಲ್ಲ. ಅವನಿಗೆ ಬೈದು ತಿರುಗಿ ಬಂದೆ. ಸರ್ವೆಯವರು "ಮುಗೀತಾ ತಾತಾ?" ಅಂದರು. "ಮುಗೀತು, ಹೋಗ್ರಿ" ಅಂದು, ಕಲ್ಲು ಒಂದೇ ಅಂತ ಬರೆದ ಕಾಗದಕ್ಕೆ ರುಜು ಹಾಕಿ ಮನೆಗೆ ಬಂದೆ. ಎರಡೂ ಕಲ್ಲು ಸೇರಿಸಿ ಗೆರೆ ಎಳೆದರೆ ಅವರ ಈಜುಕೊಳ ಕೆರೆಯೊಳಗೆ ಬರುತ್ತದೆ, ನಿಮ್ಮ ಜಾಗದ ಮೇಲಿನ ಅರ್ಧ ಹೊರಗೆ ಒಣಗಿ ನಿಲ್ಲುತ್ತದೆ. ಅರವತ್ತು ಮನೆ. ಇದೇ 24, ಮಂಗಳವಾರ ಹನ್ನೊಂದಕ್ಕೆ ತಕರಾರು ಕೇಳಲು ಸರ್ವೆಯವರು ಮತ್ತೆ ಬರುತ್ತಾರೆ, ಅದೇ ಕೊನೆ. ರುಜು ಹಾಕಿದ ನನ್ನ ಮಾತು ಇನ್ನು ನಡೆಯುವುದಿಲ್ಲ. ನೀನು ಎಡಗೈಯವಳು, ಮಸೆದ ಗೀರು ಕಲ್ಲಿನ ಹಿಂದೆ ಉಲ್ಟಾ ಓರೆಯಾಗಿ ಹಾಗೇ ಇರಬೇಕು. ಬಂದು ಕೈಯಿಟ್ಟು ತೋರಿಸು, ಅದು ಕೆರೆಯ ಹಳೇ ಕಲ್ಲೇ ಅನ್ನುವುದಕ್ಕೆ ಅದೇ ಸಾಕ್ಷಿ. ನನ್ನ ಜೊತೆ ಮಾತಾಡಬೇಡ, ಬಾ ಅಷ್ಟೇ. ಪುಸ್ತಕದಲ್ಲಿ ಇಬ್ಬರ ಹೆಸರೂ ನಾನೇ ಬರೆಯುತ್ತೇನೆ, ಕೆಲಸದವರ ಗೇಟಿನಿಂದಲೇ ಹೋಗೋಣ.