ಹಸಿ ಹೆಂಚಿನ ಮೇಲೆ ಬೂಟುಗಾಲು

ಅಕ್ಕಾ,
ನಿನ್ನ ತಮ್ಮ ಇಲ್ಲಿಯೂ ಮಾನ ಕಳೆದುಕೊಂಡ. ನಿಘಂಟಿಗೆ ಪದ ಕೂಡಿಸಲು ಹೆಂಚು ಮಾಡುವ ಅಜ್ಜಿಯೊಬ್ಬರ ಹತ್ತಿರ ಬಂದಿದ್ದೇನೆ. ಇವರ ಭಾಷೆಯಲ್ಲಿ ಹಿಮ್ಮಡಿಯಿಂದ ಮಣ್ಣು ತುಳಿಯುವುದಕ್ಕೊಂದು ಪದ, ಹೆಬ್ಬೆರಳಿನಿಂದ ಅದುಮುವುದಕ್ಕೆ ಇನ್ನೊಂದು. ನಿನ್ನೆ ಬರೆಯುತ್ತಲೇ ಹಿಂದೆ ಸರಿದವನು, ಒಣಗಲು ಹಾಕಿದ್ದ ಹಸಿ ಹೆಂಚುಗಳ ಮೇಲೆ ಬೂಟುಗಾಲಿಟ್ಟೆ. ಒಂಬತ್ತು ಹೋದವು. ಅಜ್ಜಿ ಬೈಯಲಿಲ್ಲ. "ಇದಕ್ಕೂ ಪದ ಇದೆ, ಬರ್ಕೋ ಮಗಾ" ಎಂದು ಕನ್ನಡ ಬಲ್ಲ ಮೊಮ್ಮಗಳ ಬಾಯಲ್ಲಿ ಹೇಳಿಸಿದರು. ಆ ಪದದ ಅರ್ಥ: ಇನ್ನೊಬ್ಬರ ಕೆಲಸವನ್ನು ನೋಡದೆ ತುಳಿಯುವುದು. ತಲೆ ತಗ್ಗಿಸಿ ಬರೆದುಕೊಂಡೆ. ಒರೆಸಿದ ನೆಲ ತುಳಿದಾಗ ನೀನು ಬೈಯುತ್ತಿದ್ದದ್ದೇ ಎಷ್ಟೋ ವಾಸಿ.

ಆರೋಗ್ಯ ಪರವಾಗಿಲ್ಲ, ಸೊಂಟ ಮಾತ್ರ ಹಿಡಿದಿದೆ. ಆ ಒಂಬತ್ತು ಹೆಂಚಿನ ಬದಲಿಗೆ ಬೆಳಗಿನಿಂದ ಬರಿಗಾಲಲ್ಲಿ ಅವರ ಮಣ್ಣು ತುಳಿಯುತ್ತಿದ್ದೇನೆ. ಇದಕ್ಕೇನು ಪದ ಎಂದು ಕೇಳಿದರೆ, "ಮೊದಲು ಸರಿಯಾಗಿ ತುಳಿ" ಅಂದರು.

ಬೂಟು ಬಿಚ್ಚಿಟ್ಟ
ನಿನ್ನ ತಮ್ಮ