ಆಲ್ಬಮ್ಮಿಗಿಂತ ಹಗುರವಾದದ್ದು

ಮನೆಯಿಂದ,
ಮಾರ್ಚ್ ೧೪, ಭಾನುವಾರ ಬೆಳಗ್ಗೆ

ಪ್ರೀತಿಯ ತಂಗೀ,

ನಿನ್ನ ಬಲಗೈ ಹೇಗಿದೆ? ಎಡಗೈಯ ವಿಚಾರ ಕೇಳುವುದಿಲ್ಲ; ಅದು ಪೂರ್ತಿ ಸ್ವಾಧೀನ ತಪ್ಪಿತೆಂದು ನರ್ಸಮ್ಮ ಮೊನ್ನೆಯೇ ಫೋನಿನಲ್ಲಿ ಹೇಳಿದರು. ಊಟ ಸೇರುತ್ತಿದೆಯೇ? ಆಸ್ಪತ್ರೆಯಲ್ಲಿ ಕಿಟಕಿಯ ಪಕ್ಕದ ಹಾಸಿಗೆ ಕೊನೆಗಾದರೂ ನಿನಗೆ ಸಿಕ್ಕಿತೇ? ನನ್ನ ಮಂಡಿನೋವು ಇದ್ದ ಹಾಗೆಯೇ ಇದೆ, ಹೇಳಿಕೊಳ್ಳುವಂಥದ್ದೇನಲ್ಲ. ಈ ಕಾಗದವನ್ನು ಮಾತ್ರ ನೀನೇ ಓದು. ಹಿಡಿದುಕೊಳ್ಳಲಾಗದಿದ್ದರೆ ಹೊದಿಕೆಯ ಮೇಲೆ ಹರಡಿಕೊಂಡು ಓದು, ಬೇರೆಯವರಿಂದ ಓದಿಸಬೇಡ.

ನೀನು ಕೇಳಿದ ಲ್ಯಾಪ್‌ಟಾಪನ್ನು ನಿನ್ನೆ ಕೊಂಡೆ. "ಹಗುರ ಇರ್ಬೇಕು, ಪೂರ್ತಿ ಹಿಂದಕ್ಕೆ ಮಡಚಿದ್ರೆ ಹಲಗೆ ಥರ ಆಗ್ಬೇಕು, ಮೇಲೆ ಪೆನ್ನಲ್ಲಿ ಗೀಚೋಕೆ ಬರ್ಬೇಕು, ಮರೀಬೇಡಿ ಮೇಷ್ಟ್ರೇ" ಎಂದಿದ್ದೆಯಲ್ಲ, ಅದನ್ನು ಚೀಟಿಯಲ್ಲಿ ಬರೆದುಕೊಂಡೇ ಹೋಗಿದ್ದೆ. ನಲವತ್ತೆಂಟು ವರ್ಷ ನೀನು ಕತ್ತರಿಸಿದ ಕಾಲರು, ತೋಳು, ಜೇಬುಗಳ ಅಳತೆಗಳೆಲ್ಲ ನಿನ್ನ ಬೆರಳಲ್ಲಿವೆಯೇ ಹೊರತು ಒಂದು ಕಾಗದದಲ್ಲೂ ಇಲ್ಲ. ಬಲಗೈಯೂ ಇನ್ನು ಮೂರು ತಿಂಗಳಷ್ಟೇ ಆಡುತ್ತದೆ ಎಂದು ವೈದ್ಯರು ಹೇಳಿದ್ದಾರೆ. ಅಷ್ಟರೊಳಗೆ ಅವನ್ನೆಲ್ಲ ಬರೆದು, ಈಗ ಹೊಲಿಗೆಯಂಗಡಿ ನಡೆಸುತ್ತಿರುವ ನಿನ್ನ ಜೊತೆಗಾರ್ತಿಗೆ ಕೊಡಬೇಕೆಂಬುದು ನಿನ್ನ ಆಸೆ. ಹಾಗಾಗಿ ನಾನು ತಡಮಾಡಲಿಲ್ಲ.

ಎಷ್ಟು ತೂಕವನ್ನು ಹಗುರವೆನ್ನಬೇಕು ಎಂಬುದು ಪ್ರಶ್ನೆಯಾಯಿತು. ಕಳೆದ ಸಲ ನೀನು ಇಲ್ಲಿಗೆ ಬಂದಾಗ ನಮ್ಮ ಮನೆಯ ಫೋಟೋ ಆಲ್ಬಮ್ಮನ್ನು ಅರ್ಧ ಗಂಟೆ ತೊಡೆಯ ಮೇಲಿಟ್ಟುಕೊಂಡು ಪುಟ ತಿರುವಿದ್ದೆ, ನೋವೆನ್ನಲಿಲ್ಲ. ಹಾಗಾಗಿ ಅದನ್ನೇ ಚೀಲದಲ್ಲಿ ಹಾಕಿಕೊಂಡು ಹೋದೆ. ಅಂಗಡಿಯಲ್ಲಿ ಒಂದು ಕೈಯಲ್ಲಿ ಆಲ್ಬಮ್ಮು, ಇನ್ನೊಂದರಲ್ಲಿ ಲ್ಯಾಪ್‌ಟಾಪು ಹಿಡಿದು ತೂಗಿ ನೋಡುತ್ತ ನಿಂತೆ. ಮಾರುವ ಹೆಂಗಸು, "ಎಲ್ಲರೂ ಸ್ಪೀಡ್ ಎಷ್ಟು ಅಂತಾರೆ ಸರ್, ನೀವೊಬ್ಬರೇ ನೆಂಟರನ್ನೆಲ್ಲ ಕರ್ಕೊಂಡು ಬಂದು ತೂಗ್ತಿರೋದು" ಎಂದಳು. ಮೊದಲನೆಯದರ ಪರದೆ ದೊಡ್ಡದು, ಚಂದವೂ ಹೌದು, ಆದರೆ ಭಾರ. ಎರಡನೆಯದರ ಪರದೆ ಕೀಬೋರ್ಡಿನಿಂದ ಬಿಡಿಸಿಕೊಂಡು ಬರುತ್ತದೆ, ಆದರೆ ತೊಡೆಯ ಮೇಲೆ ನೆಟ್ಟಗೆ ನಿಲ್ಲುವುದಿಲ್ಲ, ಹಿಂದಿನ ಬೆಂಚಿನ ವಿದ್ಯಾರ್ಥಿಯ ಹಾಗೆ ವಾಲಿಬಿಡುತ್ತದೆ. ಮೂರನೆಯದು ಆಲ್ಬಮ್ಮಿಗಿಂತ ಹಗುರ. ಅದರ ಕೀಲನ್ನು ಇಪ್ಪತ್ತು ಸಲ ತಿರುಗಿಸಿ ನೋಡಿದೆ, ಸಡಿಲವಾಗಲಿಲ್ಲ. ಪೆನ್ನನ್ನು ಪಕ್ಕದಲ್ಲೇ ಸಿಕ್ಕಿಸಬಹುದು. ಬೆರಳು ಒತ್ತದಿದ್ದರೂ, ಸುಮ್ಮನೆ ತಾಗಿದರೂ ಗೆರೆ ಮೂಡುತ್ತದೆ. ಅದೇ ನಿನ್ನದು ಎಂದುಕೊಂಡೆ.

ಅಲ್ಲಿಗೆ ಮುಗಿಯಬೇಕಿತ್ತು. ಪೆನ್ನು ಸರಿಯಿದೆಯೇ ನೋಡಲು "ಏನಾದ್ರೂ ಬರೀರಿ ಸರ್" ಎಂದಳು. ಎಲ್ಲರೂ ತಮ್ಮ ಹೆಸರು ಬರೆಯುತ್ತಾರಂತೆ. ನನ್ನ ಕೈ ನಾಲ್ಕು ಸಂಖ್ಯೆಗಳನ್ನು ಒಂದರ ಕೆಳಗೊಂದು ಬರೆದು, ಗೆರೆ ಎಳೆದು, ಕೂಡಿಸಿತು. "ಲೆಕ್ಕದ ಮೇಷ್ಟ್ರಾ?" ಎಂದು ಕೇಳಿದಳು. ಹೌದೆಂದೆ. ಅಳಿಸಲು ಕೈ ಚಾಚಿದಳು. ಇರಲಿ ಬಿಡಮ್ಮ, ಇದನ್ನೇ ಕೊಡು ಎಂದೆ.

ಆಲ್ಬಮ್ಮಿನಲ್ಲಿ ನಿನ್ನ ಒಂಬತ್ತನೆಯ ತರಗತಿಯ ಚಿತ್ರವಿದೆ, ನೆನಪಿದೆಯೇ? ನಾನು ಕುರ್ಚಿಯ ಮೇಲೆ, ನೀನು ನೆಲದ ಮೇಲೆ ಮೊದಲ ಸಾಲಿನಲ್ಲಿ. ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಸ್ವಂತ ತಂಗಿಗೆ ಪಾಠ ಹೇಳುವ ಪಾಡು ನನ್ನದಾಯಿತು. ಪಕ್ಷಪಾತವೆಂದು ಯಾರೂ ಬೆರಳು ತೋರಿಸಬಾರದೆಂದು ನಿನ್ನ ಲೆಕ್ಕದ ಉತ್ತರಪತ್ರಿಕೆಯನ್ನು ಎಲ್ಲರದಕ್ಕಿಂತ ಬಿಗಿಯಾಗಿ ತಿದ್ದಿದೆ. ತೇರ್ಗಡೆಗೆ ಮೂವತ್ತೈದು ಬೇಕಿತ್ತು, ನಿನಗೆ ಇಪ್ಪತ್ತೈದು ಎಂದು ಓದಿದೆ. ಓದಿದ್ದು ಸಾಕೆಂದು ಅಪ್ಪ ನಿನ್ನನ್ನು ಹೊಲಿಗೆಯಂಗಡಿಯಲ್ಲಿ ಕೂರಿಸಿದರು. ನೀನು ಅಳಲೂ ಇಲ್ಲ, ಜಗಳವಾಡಲೂ ಇಲ್ಲ. ಅಲ್ಲಿಯವರೆಗೆ ಮನೆಯಲ್ಲಿ ಅಣ್ಣಾ ಎನ್ನುತ್ತಿದ್ದವಳು ಅಂದಿನಿಂದ ಮೇಷ್ಟ್ರೇ ಎಂದು ಕರೆಯತೊಡಗಿದೆ. ತಮಾಷೆಯೆಂದು ಎಲ್ಲರೂ ನಕ್ಕರು. ನಾನೂ ನಕ್ಕೆ.

ಯಂತ್ರವನ್ನು ನಾಳೆ ಕಳಿಸುತ್ತೇನೆ. ಗುರುವಾರ ನಾನೇ ಬಂದು, ನಿನಗೆ ದಣಿವಾದಾಗ ಅಳತೆಗಳನ್ನು ನೀನು ಹೇಳಿದಂತೆ ಬರೆದುಕೊಡುತ್ತೇನೆ. ನರ್ಸಮ್ಮನಿಗೆ ನನ್ನ ವಂದನೆ ತಿಳಿಸು. ನಿನ್ನ ಬೆರಳುಗಳಿಗೆ ಇನ್ನಷ್ಟು ದಿನ ಸಿಗಲಿ ಎಂದು ಹಾರೈಸುವ,

ನಿನ್ನ ಅಣ್ಣ

ಮರೆತ ಮಾತು: ಲ್ಯಾಪ್‌ಟಾಪ್ ತೆರೆದರೆ ಮೊದಲ ಪುಟದಲ್ಲಿ ನನ್ನ ಕೈಬರಹ ಕಾಣುತ್ತದೆ: ಹನ್ನೆರಡು, ಒಂಬತ್ತು, ಎಂಟು, ಆರು. ಅವು ಆ ವರ್ಷದ ಲೆಕ್ಕದ ಪತ್ರಿಕೆಯ ನಾಲ್ಕು ಭಾಗಗಳಲ್ಲಿ ನಿನಗೆ ಬಂದ ಅಂಕಗಳು. ಕೂಡಿಸುವಾಗ ಒಂದು ಹತ್ತನ್ನು ಬಿಟ್ಟಿದ್ದೆ. ಉತ್ತರಪತ್ರಿಕೆಗಳನ್ನು ಕಟ್ಟಿಡುವಾಗ ಗೊತ್ತಾಯಿತು. ಆಗಿನ್ನೂ ನೀನು ಹೊಲಿಗೆಗೆ ಕೂತು ಎಂಟೇ ದಿನ. ತಂಗಿಗಾಗಿ ಅಂಕ ತಿದ್ದಿದವನು ಎನ್ನಿಸಿಕೊಳ್ಳಲು ಹೆದರಿ ಕಟ್ಟನ್ನು ಬಿಗಿದುಬಿಟ್ಟೆ. ಈಗ ಗೆರೆಯ ಕೆಳಗೆ ಬರೆದಿರುವ ಮೂವತ್ತೈದೇ ಸರಿಯಾದದ್ದು. ನೀನು ಪಾಸಾಗಿದ್ದೆ. ಆ ಪುಟವನ್ನು ನಾನು ಅಳಿಸಿಲ್ಲ. ಅಳಿಸುವುದಾದರೆ ನಿನ್ನ ಬಲಗೈಯಿಂದಲೇ ಅಳಿಸು.