ಸೀಸದ ಏಪ್ರನ್ನಿನ ಮೂರು ಗೆರೆ

ಮಾರ್ಚ್ ೧೧, ಮಂಗಳವಾರ

ಊಟ ಸೇರಲಿಲ್ಲ. ಎಕ್ಸ್‌ರೇ ಕೋಣೆಯಲ್ಲಿ ಕಿರಣ ತಡೆಯಲು ತೊಡುವ ಸೀಸದ ಏಪ್ರನ್ ಕಣ್ಣಮುಂದಿನಿಂದ ಹೋಗುತ್ತಿಲ್ಲ. ಇವತ್ತು ಯಾಕೋ ಅನುಮಾನ ಬಂದು ಅದನ್ನೇ ಮೇಜಿನ ಮೇಲೆ ಹಾಸಿ ಎಕ್ಸ್‌ರೇ ತೆಗೆದೆ. ಸೀಸವೆಲ್ಲ ಬೆಳ್ಳಗೆ ಬಂತು, ನಡುವೆ ಅಡ್ಡಡ್ಡ ಮೂರು ಕಪ್ಪು ಗೆರೆ. ಬಿರುಕು!

ಆಸ್ಪತ್ರೆಯ ಮ್ಯಾನೇಜರ್‌ಗೆ ತೋರಿಸಿದೆ. ಏಪ್ರನ್ನಿಗೆ ಹೊಲಿಸಿದ ಹೊಸ ನೀಲಿ ಹೊದಿಕೆಯನ್ನು ಸವರುತ್ತಾ, "ಹೊರಗಡೆ ಚೆನ್ನಾಗೇ ಇದೆಯಲ್ಲಮ್ಮ, ಒಳಗೆ ಯಾರ್ ನೋಡ್ತಾರೆ?" ಅಂದ. ಥೂ! ಎಕ್ಸ್‌ರೇ ಕಿರಣಕ್ಕೆ ಬಟ್ಟೆ ಯಾವ ಲೆಕ್ಕ? ಚರ್ಮ, ಮಾಂಸ ದಾಟುತ್ತದೆ, ಮೂಳೆಯಲ್ಲಿ ಸೊರಗುತ್ತದೆ, ಸೀಸದಲ್ಲಿ ಸಾಯುತ್ತದೆ. ಬಿರುಕು ಸಿಕ್ಕರೆ ನೇರ ಒಳಗೆ.

ಆ ಏಪ್ರನ್ ಕಟ್ಟಿಕೊಂಡು, ಅಳುವ ಮಕ್ಕಳನ್ನು ಎಕ್ಸ್‌ರೇಗೆ ಹಿಡಿದು ನಿಲ್ಲುವವಳು ನಮ್ಮ ನರ್ಸ್. ಐದು ತಿಂಗಳ ಬಸುರಿ. "ಅಕ್ಕಾ, ಇದು ಹಾಕ್ಕೊಂಡ್ರೆ ಏನೂ ಆಗಲ್ಲ ಅಲ್ವಾ?" ಎಂದು ಕೇಳಿದ್ದಳು. ಹೂಂ ಅಂದಿದ್ದೆ.

ಈಗ ಆ ಮ್ಯಾನೇಜರನ್ನು ಬೈದುಕೊಳ್ಳುತ್ತಾ ಒಗೆದ ಬಟ್ಟೆ ಮಡಚುತ್ತಿದ್ದೆ. ಕೈ ತಟ್ಟನೆ ನಿಂತಿತು. ಅಡ್ಡಡ್ಡ ಮೂರು ಮಡಿಕೆ. ಸೀಸವನ್ನು ಮಡಚಬಾರದು, ಬಿರುಕು ಬಿಡುತ್ತದೆ, ತೂಗುಹಾಕಬೇಕು ಎಂದು ಮೊದಲ ಪಾಠದಲ್ಲೇ ಹೇಳಿಕೊಟ್ಟಿದ್ದರು. ಗೋಡೆಯ ಗೂಟ ಮುರಿದು ವರ್ಷವಾಯಿತು. ಅಂದಿನಿಂದ ಪ್ರತಿ ಸಂಜೆ ಏಪ್ರನ್ನನ್ನು ನೀಟಾಗಿ ಮಡಚಿಟ್ಟು ಬಂದವಳು ನಾನೇ. ನನ್ನ ಕೈ ಕಂಡರೆ ನನಗೇ ಹೇಸಿಗೆ. ನಾಳೆ ಅವಳು ಮತ್ತೆ ಅಕ್ಕಾ ಅಂದರೆ ಹೂಂ ಅನ್ನಲಾರೆ; ಮಡಚಿದವಳು ನಾನೇ ಎನ್ನಬೇಕು.